ದಿವಾನ್ ಸಾಹೇಬರ ಎಡಗೈ

ನಮ್ಮ ಮನೆಯವರ ಫೋಟೋ ಒಂದೂ ಇಲ್ಲ. ತೆಗೆಸಬೇಕೆಂದು ಒಮ್ಮೆ ಸಿಂಧನೂರಿಗೆ ಹೋಗಿದ್ದೆವು. ಮದುವೆಯಾದ ಮರುವರ್ಷ ಅದು. ನಿಜಾಮರ ಆಳಿಕೆ ಮುಗಿದು, ಜನ ಮತ್ತೆ ಅಂಜಿಕೆಯಿಲ್ಲದೆ ಬಸ್ಸು ಹತ್ತತೊಡಗಿದ್ದ ಕಾಲ. ನಾನು ಮಸ್ಕಿಯ ತವರಿನಲ್ಲಿ ಉಡಿಸಿದ್ದ ಇಳಕಲ್ ಸೀರೆ ಉಟ್ಟಿದ್ದೆ. ಫೋಟೋದವನು ಅಂಗಡಿಯ ಹಿತ್ತಲಲ್ಲಿ ಪರದೆ ಕಟ್ಟಿಕೊಂಡು ಬಿಸಿಲಿನ ಬೆಳಕಿನಲ್ಲೇ ಫೋಟೋ ತೆಗೆಯುತ್ತಿದ್ದ. ಅವನು ಮುಗಿಲು ನೋಡಿ, "ಮೋಡ ಆಗೈತ್ರಿ, ಮಾರಿ ಕರ್ರಗ ಬರ್ತಾವ. ಇನ್ನೊಮ್ಮೆ ಬರ್ರಿ" ಅಂದ. "ನನ್ನ ಮಾರಿ ಬಿಸಿಲಿದ್ರೂ ಕರ್ರಗ ಬರ್ತೈತಿ, ಆಕಿದಾದ್ರೂ ತೆಗಿ" ಅಂದರು ನಮ್ಮ ಮನೆಯವರು. ಅವನು ಒಪ್ಪಲಿಲ್ಲ. ಬಸ್ ನಿಲ್ಲುವಲ್ಲಿ ಮಿರ್ಚಿ ಭಜಿ ತಿಂದು ಲಿಂಗಸುಗೂರಿಗೆ ತಿರುಗಿ ಬಂದೆವು. ಇನ್ನೊಮ್ಮೆ ಹೋಗುವುದು ಆಗಲೇ ಇಲ್ಲ.

ಹೀಗಾಗಿ ಅವರು ತೀರಿಕೊಂಡ ಮೇಲೆ ಕಣ್ಣಿಗೆ ಕಾಣುವಂತೆ ಉಳಿದದ್ದು ಅವರ ಒಂದು ಕೈ ಮಾತ್ರ. ಅದೂ ನಮ್ಮ ಮನೆಯಲ್ಲಿ ಇರಲಿಲ್ಲ. ಲಿಂಗಸುಗೂರಿನ ಒಂದು ಹವೇಲಿಯ ಗೋಡೆಯ ಮೇಲೆ, ಬೇರೊಬ್ಬರ ತೋಳಿನ ತುದಿಯಲ್ಲಿ ಇತ್ತು. ನಾನು ನಾಲ್ಕನೆಯ ತರಗತಿಯವರೆಗೆ ಓದಿದವಳು. ಬರೆದು ರೂಢಿಯಿಲ್ಲ. ಆದರೂ ಇದನ್ನು ಬರೆದಿಡಬೇಕೆನ್ನಿಸಿದೆ.

ಆ ಹವೇಲಿ ನಿಜಾಮರ ಕಾಲದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಒಬ್ಬ ಸಾಹೇಬರದು. ನಾನು ಸೊಸೆಯಾಗಿ ಊರಿಗೆ ಬರುವ ಹೊತ್ತಿಗೆ ಅವರು ತೀರಿಹೋಗಿದ್ದರು. ಅವರ ಬೇಗಂ ಒಬ್ಬರೇ ಇದ್ದರು, ಅರವತ್ತು ದಾಟಿದವರು. ಅವರ ಒಬ್ಬಳೇ ಮಗಳು ಹೈದರಾಬಾದಿನಲ್ಲಿ ಗಂಡನ ಮನೆಯಲ್ಲಿದ್ದಳು. ಮೊದಲು ಬಾಗಿಲಿಗೆ ಇಬ್ಬರು ಆಳುಗಳು ನಿಲ್ಲುತ್ತಿದ್ದರಂತೆ. ರಾಜ್ಯ ಹೋದ ಮೇಲೆ ಆಳುಗಳೂ ಹೋದರು. ಪಾತ್ರೆ ತಿಕ್ಕುವ ಒಬ್ಬ ಮುದುಕಿ ಮಾತ್ರ ಉಳಿದಿದ್ದಳು. ನಾವು ಶಿವಸಿಂಪಿ ಮಂದಿ, ಹೊಲಿಗೆ ನಮ್ಮ ಕುಲದ ಕೆಲಸ. ನಮ್ಮ ಮಾವನ ಕಾಲದಿಂದಲೂ ಆ ಹವೇಲಿಯ ಹೊಲಿಗೆಯೆಲ್ಲ ನಮ್ಮ ಮನೆಯದೇ. ನಮ್ಮ ಮನೆಯವರು ಅಳತೆಗೆ, ಪರದೆ ಕಟ್ಟಲಿಕ್ಕೆ ಹೋದಾಗ ಕಾಜ ಮಾಡಲು, ಅಂಚು ಮಡಿಸಲು ನಾನೂ ಜೊತೆಗೆ ಹೋಗುತ್ತಿದ್ದೆ.

ದಿವಾನಖಾನೆಯ ನಡುಗೋಡೆಗೆ ಒಂದು ದೊಡ್ಡ ಚಿತ್ರ ಇತ್ತು. ಹಿಂದೆ ಲಿಂಗಸುಗೂರಿನಲ್ಲಿ ಇಂಗ್ಲಿಷರ ದಂಡು ಇದ್ದಾಗ ಯಾವನೋ ದೊರೆ ತನ್ನ ದೇಶದಿಂದ ತಂದು, ಹೋಗುವಾಗ ಇಲ್ಲೇ ಬಿಟ್ಟು ಹೋಗಿದ್ದನಂತೆ. ಕೈ ಬದಲಾಗಿ ಬದಲಾಗಿ ಹವೇಲಿಗೆ ಬಂದಿತ್ತು. ಎಣ್ಣೆಬಣ್ಣದ್ದು, ನೆತ್ತಿಯಿಂದ ತೊಡೆಯವರೆಗೆ, ನಿಜದ ಅಳತೆಯ ಗಂಡಸು. ಎರಡೂ ಕಿವಿಯ ಮೇಲೆ ಸುರುಳಿ ಸುರುಳಿಯಾಗಿ ಬಿಳಿ ಹುಡಿ ಹಚ್ಚಿದ ಕೂದಲು, ಹೆಣ್ಣುಮಕ್ಕಳಂತೆ ಗುಲಾಬಿ ಗಲ್ಲ, ತುಟಿಯ ಮೇಲೆ ಇದೆಯೋ ಇಲ್ಲವೋ ಎನ್ನುವಂಥ ನಗೆ. ಮುಗಿಲ ಬಣ್ಣದ ರೇಶಿಮೆ ಕೋಟು, ಅಂಚಿಗೆಲ್ಲ ಜರಿಯ ಹೂಬಳ್ಳಿ. ಕೊರಳಿಗೂ ಮುಂಗೈಗೂ ಬಿಳಿ ಜಾಲರಿ ನೊರೆಯಂತೆ ಇಳಿಬಿದ್ದಿತ್ತು. ಸೊಂಟದಲ್ಲಿ ಒಂದು ಬಂಗಾರದ ಕೀಲಿಕೈ. ಫ್ರಾನ್ಸಿನ ಅರಸನ ದರಬಾರಿನಲ್ಲಿ ಅರಮನೆಯ ಒಳಖೋಲಿಗಳ ಅಧಿಕಾರಿ ಅವನು, ಆ ಕೀಲಿ ಅದರ ಗುರುತು ಎಂದು ಬೇಗಂ ತಮ್ಮ ಗಂಡನಿಂದ ಕೇಳಿದ್ದನ್ನು ಹೇಳುತ್ತಿದ್ದರು. ಹೆಸರು ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ದಿವಾನ್ ಸಾಹೇಬ ಅನ್ನುತ್ತಿದ್ದರು. ಅಂಥ ಚಿತ್ರದ ಶೈಲಿಗೆ ರೊಕೊಕೊ ಅನ್ನುತ್ತಾರೆಂದು ನನಗೆ ತಿಳಿದದ್ದು ಬಹಳ ಮುಂದೆ, ನನ್ನ ಮಗಳು ಶಾಲೆಯಲ್ಲಿ ಕಲಿಸುವವಳಾದ ಮೇಲೆ ಒಂದು ಪುಸ್ತಕದಲ್ಲಿ ಆ ಕಾಲದ ಚಿತ್ರಗಳನ್ನು ತೋರಿಸಿದಾಗ.

ನಮ್ಮ ಮನೆಯವರು ಹೋದಾಗಲೆಲ್ಲ ಅದರ ಮುಂದೆ ನಿಲ್ಲುತ್ತಿದ್ದರು. ಮಾರಿ ನೋಡುತ್ತಿರಲಿಲ್ಲ, ಕೋಟು ನೋಡುತ್ತಿದ್ದರು. "ಪುಣ್ಯಾತ್ಮ ಇಷ್ಟು ಗುಂಡಿ ಹಚ್ಚಿಸ್ಯಾನ, ಒಂದೂ ಹಾಕ್ಕೊಂಡಿಲ್ಲ ನೋಡು" ಅನ್ನುತ್ತಿದ್ದರು.

"ಹಾಕ್ಕೊಂಡ್ರ ಒಳಗಿನ ಜರಿ ಕಾಣಂಗಿಲ್ಲಲ್ಲ" ಅಂದೆ ನಾನೊಮ್ಮೆ.

"ಹಂಗಾರ ನಮ್ಮೂರಿನ ಸಾವಕಾರನಂಗ ಅದಾನ ಅನ್ನು."

ಒಂದು ಮಳೆಗಾಲ ಹವೇಲಿಯ ಮಾಳಿಗೆ ಸೋರಿತು. ಪ್ರತಿ ವರ್ಷ ಮಳೆಗೆ ಮುಂಚೆ ಮಾಳಿಗೆಯ ಮೇಲೆ ಹೊಸ ಮಣ್ಣು ಹಾಕಿ ಬಡಿಯಬೇಕು, ಆ ವರ್ಷ ಬಡಿಸುವವರು ಇರಲಿಲ್ಲ. ಸುಣ್ಣದ ನೀರು ಗೋಡೆಗುಂಟ ಇಳಿದು ಚಿತ್ರದ ನಡುಮಟ್ಟದಲ್ಲಿ ಒಂದು ಬದಿಯನ್ನು ತಿಂದಿತು. ದಿವಾನ್ ಸಾಹೇಬನ ಎಡಗೈ ಹಕ್ಕಳೆ ಹಕ್ಕಳೆಯಾಗಿ ಎದ್ದು ಉದುರಿಹೋಯಿತು. ಮುಂಗೈಯ ಜಾಲರಿ ಮುಗಿಯುವಲ್ಲಿ ಬರಿಯ ಅರಿವೆ ಕಾಣುತ್ತಿತ್ತು. ಬೇಗಂ ಅದನ್ನು ಹಾಗೇ ನೋಡಲಾರದೆ ಮೇಲೆ ಚಾದರ ಹಾಕಿಸಿದರು. "ನಮ್ಮ ಸಾಹೇಬರ ಶೋಖು ಇದು. ನನ್ನ ಕೈಯಾಗ ಹಿಂಗಾತಲ್ಲ ಬೇಟಿ" ಅಂದರು.

ಮಸ್ಕಿಯಲ್ಲಿ ನನ್ನ ತವರಿನ ಓಣಿಯಲ್ಲಿ ಒಬ್ಬ ಚಿತ್ರಗಾರ ತಾತ ಇದ್ದ. ಪಲ್ಲಕ್ಕಿಗೆ ಬಣ್ಣ ಹಚ್ಚುವುದು, ಮದುವೆ ಮನೆಯ ಗೋಡೆಗೆ ಆನೆ ಕುದುರೆ ಬರೆಯುವುದು ಅವನ ಕೆಲಸ. ಅವನನ್ನು ಕರೆಸೋಣ ಎಂದು ನಾನೇ ಹೇಳಿದೆ. ಅವನು ಬಂದು ಚಿತ್ರದ ಮುಂದೆ ಬಹಳ ಹೊತ್ತು ಕೂತ. ಆಮೇಲೆ, "ಅಮ್ಮಾ, ಕೈ ಹೆಂಗಿತ್ತು ಹೇಳ್ರಿ" ಅಂದ.

ಬೇಗಂ ಪರದೆಯ ಹಿಂದಿನಿಂದ, "ನಶ್ಯದ ಡಬ್ಬಿ ಹಿಡ್ಕೊಂಡಿತ್ತು. ಅಷ್ಟ ಯಾದ್ ಐತಿ" ಅಂದರು.

"ದೇವರ ಕೈ ಆಗಿದ್ರ ಕಣ್ಣು ಮುಚ್ಚಿ ಬರೀತಿದ್ದೆ, ಅದಕ್ಕ ಲೆಕ್ಕ ಐತಿ. ಮನುಷ್ಯಾರ ಕೈಗೆ ಲೆಕ್ಕ ಇಲ್ಲ. ನೋಡಲಾರದ್ದು ನನಗ ಬರಂಗಿಲ್ಲ. ಯಾರರೆ ಮುಂದ ಕುಂದರಬೇಕು."

ಮನೆಯಲ್ಲಿದ್ದ ಗಂಡಸು ನಮ್ಮವರೊಬ್ಬರೇ, ಪಡಸಾಲೆಯಲ್ಲಿ ಪರದೆ ಹೊಲಿಯುತ್ತಿದ್ದರು. "ದರ್ಜಿ, ನೀ ಬಾ" ಎಂದು ಬೇಗಂ ಕರೆದರು. "ನಾ ಹೊಲಿಯೂದು ಬಿಟ್ಟು ದಿವಾನಗಿರಿ ಮಾಡ್ಲ್ಯಾ?" ಎನ್ನುತ್ತ ಬಂದು ಸ್ಟೂಲಿನ ಮೇಲೆ ಕೂತರು. ಡಬ್ಬಿ ಇರಲಿಲ್ಲ. ಕೈಯಲ್ಲಿ ಏನಾದರೂ ಹಿಡಿಯಬೇಕಲ್ಲ ಎಂದು ನಾನೇ ಕರಿ ದಾರದ ಒಂದು ಉಂಡೆ ಕೊಟ್ಟೆ. ಎರಡು ಮೂರು ಮುಂಜಾನೆ ಹಾಗೆ ಕೂತರು. ಅರಿವೆ ಮುಂದೆ ಇಟ್ಟುಕೊಂಡರೆ ಹೊತ್ತು ಮುಳುಗಿದ್ದೂ ತಿಳಿಯದ ಮನುಷ್ಯ, ಸುಮ್ಮನೆ ಕೂಡುವುದು ಆಗುತ್ತಿರಲಿಲ್ಲ. "ತಾತಾ, ನನ್ನ ಕೈ ನಿನ್ನ ಚಿತ್ರದಾಗ ಹೋತು, ನಾಳೆ ಕತ್ತರಿ ಯಾರು ಹಿಡೀಬೇಕು?" ಎಂದು ಅವನನ್ನು ಕಾಡಿದರು. "ಬಾಯಿ ಬರಿಯಾಕತ್ತಿಲ್ಲ ನಾ. ಮುಚ್ಚು" ಅಂದ ತಾತ.

ಕೆಲಸ ಮುಗಿದ ದಿನ ನಾನು ಹೋಗಿ ನೋಡಿದೆ. ನೋಡಿದ ಕೂಡಲೇ ನನಗೆ ನಮ್ಮ ಮನೆಯ ಮುಂಜಾನೆ ನೆನಪಾಯಿತು. ನಮ್ಮಲ್ಲಿ ಲಿಂಗಧಾರಣೆ ಎಳೆತನದಲ್ಲೇ ಆಗುತ್ತದೆ. ಅಂದಿನಿಂದ ಪ್ರತಿದಿನ ಸ್ನಾನ ಮಾಡಿ, ಕೊರಳಿನ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡಬೇಕು. ಅಂಗೈ ತುಸು ಬಟ್ಟಲಾಗಿ, ಬೆರಳು ಒಂದಕ್ಕೊಂದು ಕೂಡಿ, ಎದೆಯ ಮಟ್ಟಕ್ಕೆ ಕೈ ತಾನೇ ಏರುತ್ತದೆ. ಎಡಗೈಯಲ್ಲಿ ಏನಾದರೂ ಹಿಡಿ ಅಂದಾಗ ಅವರ ಕೈ ಆ ಒಂದೇ ಜಾಗಕ್ಕೆ ಹೋಗಿತ್ತು. ತಾತ ಕಂಡದ್ದನ್ನು ಕಂಡಂತೆ ಬರೆದಿದ್ದ. ಮುಂಗೈಯ ಜಾಲರಿಯೊಳಗಿಂದ ಕಂದು ಬಣ್ಣದ ಕೈಯೊಂದು ಹೊರಬಂದು, ಅಂಗೈಯಲ್ಲಿ ಕರ್ರಗೆ ದುಂಡಗಿನದನ್ನು ಇಟ್ಟುಕೊಂಡು ಕೂತಿತ್ತು. ನಮ್ಮವರ ಉಂಗುರಬೆರಳು ಚಿಕ್ಕಂದಿನಲ್ಲಿ ಬಂಡಿಯ ಕೆಳಗೆ ಸಿಕ್ಕು ಸೊಟ್ಟಗಾಗಿತ್ತು, ಅದನ್ನೂ ಬಿಟ್ಟಿರಲಿಲ್ಲ.

ಪಾತ್ರೆ ತಿಕ್ಕುವ ಮುದುಕಿ ಮೊದಲು ಬಾಯಿ ಬಿಟ್ಟಳು. "ಅಯ್ಯ ನನ್ನ ಶಿವನ, ಈ ದೊರಿಗೆ ಯಾವಾಗ ಲಿಂಗ ಕಟ್ಟಿದ್ರಿ? ಊಟ ಏನ್ ಮಾಡ್ತಾನ ಕೇಳ್ರಿ ಮತ್ತ, ಇನ್ನ ಮ್ಯಾಲೆ ಕಂಡಿದ್ದೆಲ್ಲಾ ತಿನ್ನಂಗಿಲ್ಲ."

ನಮ್ಮ ಮನೆಯವರು ತಲೆ ಕೆಳಗೆ ಹಾಕಿ ನಿಂತಿದ್ದರು. "ನಾ ಏನ್ ಮಾಡ್ಲ್ರಿ ಬೇಗಂ ಸಾಹೇಬರ. ಕೈ ತಾನ ಹಂಗ ಹೋತು" ಅಂದರು.

ಬೇಗಂ ಏನನ್ನುತ್ತಾರೋ ಎಂದು ನನಗೆ ಅಂಜಿಕೆಯಾಗಿತ್ತು. ಬೇರೆ ಧರ್ಮದ ಮನೆ, ಗಂಡನ ಪ್ರೀತಿಯ ವಸ್ತು. ಅವರು ಪರದೆ ಸರಿಸಿ ಬಂದು, ಕನ್ನಡಕ ಹಾಕಿಕೊಂಡು ಹತ್ತಿರದಿಂದ ನೋಡಿದರು. ಆಮೇಲೆ ನಕ್ಕರು. "ಇರ್ಲಿ ಬಿಡಪ್ಪಾ. ಕೈಯಾಗ ನಶ್ಯ ಹಿಡಿಯೂಕಿಂತಾ ಇದು ಛಲೋ ಐತಿ. ಮುಖದಾಗಿನ ಸೊಕ್ಕು ಸೈತ ಕಡಿಮಿ ಆದಂಗ ಕಾಣ್ತೈತಿ" ಅಂದರು. ಮತ್ತೆ ಚಾದರ ಹಾಕಿಸಲಿಲ್ಲ.

ಆಮೇಲಿನದು ಬೇಗ ಹೇಳಿ ಮುಗಿಸುತ್ತೇನೆ. ತುಂಗಭದ್ರೆಯ ಕಾಲುವೆ ತೋಡುವ ಕೆಲಸ ನಡೆದಿತ್ತು. ಜವಳಗೇರಾದ ಕಡೆ ಕೂಲಿಯವರ ಗುಡಿಸಲುಗಳ ಸಾಲು ಎದ್ದಿತ್ತು. ಖಾಕಿ ಚಡ್ಡಿ, ಹರಿದ ಡೇರೆ, ಹೊಲಿಯುವ ಕೆಲಸ ರಾಶಿ ಇದೆ ಎಂದು ಅವರು ಮಶೀನು ಬಸ್ಸಿನ ಮೇಲೆ ಹಾಕಿಸಿಕೊಂಡು ಹೋದರು. ನಾನು ಆಗ ಬಸುರಿ. ಹಬ್ಬಕ್ಕೆ ಬರುತ್ತೇನೆಂದವರು ಹಬ್ಬಕ್ಕೆ ಮುಂಚೆಯೇ ಮಶೀನಿನ ಜೊತೆ ಜ್ವರವನ್ನೂ ಹೊತ್ತುಕೊಂಡು ಬಂದರು. ಆ ಜ್ವರ ಇಳಿಯಲಿಲ್ಲ.

ನಮ್ಮಲ್ಲಿ ಸುಡುವುದಿಲ್ಲ, ಕೂಡಿಸಿ ಮಣ್ಣು ಮಾಡುತ್ತಾರೆ. ಅಯ್ಯನವರು ಇಷ್ಟಲಿಂಗವನ್ನು ಕೊರಳಿನಿಂದ ಬಿಚ್ಚಿ ಅವರ ಎಡ ಅಂಗೈಯಲ್ಲಿ ಇಟ್ಟು ಬೆರಳುಗಳನ್ನು ಕೂಡಿಸಿದರು. ಉಂಗುರಬೆರಳು ಕೂಡಲಿಲ್ಲ. ಅಯ್ಯನವರು ಮತ್ತೊಮ್ಮೆ ಒತ್ತಿದರು. "ಅದು ಮೊದಲಿಂದ ಹಂಗ ಐತ್ರಿ, ಬಿಡ್ರಿ" ಎಂದೆ ನಾನು. ನಮ್ಮ ಮನೆಯವರ ಬಗ್ಗೆ ನಾನು ಬಾಯಿಬಿಟ್ಟು ಆಡಿದ ಮಾತು ಅದೇ ಕೊನೆ. ಆಮೇಲೆ ವರ್ಷಗಟ್ಟಲೆ ಏನೂ ಆಡಲಿಲ್ಲ. ಅವರ ಹೆಸರಂತೂ ಮೊದಲೂ ಹೇಳುತ್ತಿರಲಿಲ್ಲ, ನಮ್ಮ ಕಾಲದಲ್ಲಿ ಹೆಂಗಸರು ಹೇಳುತ್ತಿರಲಿಲ್ಲ. ಈಗ ಅವರು ಹೀಗಿದ್ದರು, ಹಾಗಂದರು ಅನ್ನುವುದೂ ನಿಂತಿತು. ಅತ್ತುಬಿಟ್ಟರೆ ಹಗುರಾಗುತ್ತದೆ ಎಂದು ಮಂದಿ ಹೇಳಿದರು. ಅಳು ಬಂದಾಗ ಅತ್ತೆ, ಮಾತು ಬರಲಿಲ್ಲ.

ಮಗಳು ಹುಟ್ಟಿದಳು. ಬಾಣಂತನ ಮುಗಿದ ಮೇಲೆ ಬೇಗಂ ಮುದುಕಿಯನ್ನು ಕಳಿಸಿ, "ಮಶೀನು ನಿಲ್ಲಿಸಬ್ಯಾಡ, ನಮ್ಮ ಹೊಲಿಗಿ ನೀನ ಮಾಡು" ಎಂದು ಕರೆಸಿದರು. ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಹೋದೆ. ಚಿತ್ರದಲ್ಲಿ ಕೈ ಇದೆಯೆಂಬುದು ನನಗೆ ಮರೆತೇಹೋಗಿತ್ತು. ದಿವಾನಖಾನೆಗೆ ಕಾಲಿಟ್ಟವಳು ತಲೆಯೆತ್ತಿದೆ. ಮಣ್ಣಿನಲ್ಲಿ ಮುಚ್ಚಿ ಬಂದ ಕೈ ಹಾಗೇ ಎದೆಮಟ್ಟಕ್ಕೆ ಎದ್ದು ಕೂತಿತ್ತು, ಸೊಟ್ಟ ಬೆರಳಿನ ಸಮೇತ. ನಾನು ಅಲ್ಲೇ ನೆಲಕ್ಕೆ ಕೂತೆ. ಬೇಗಂ ಕೂಸನ್ನು ಎತ್ತಿಕೊಂಡರು.

ಅಲ್ಲಿಂದ ವಾರಕ್ಕೊಮ್ಮೆಯಾದರೂ ಹೋಗುತ್ತಿದ್ದೆ. ಕೆಲಸ ಇಲ್ಲದಿದ್ದರೂ ಏನಾದರೊಂದು ನೆವ ಹುಡುಕಿ ಹೋಗುತ್ತಿದ್ದೆ. ಮಗಳಿಗೆ ಗುರುತು ತಿಳಿದ ಮೇಲೆ ಆ ಕೈಯನ್ನು ತೋರಿಸಿ, "ಅಕಾ ನೋಡು, ನಿಮ್ಮಪ್ಪ" ಅನ್ನುತ್ತಿದ್ದೆ. ಅಷ್ಟೇ ಅನ್ನುತ್ತಿದ್ದೆ. ತಂದೆಯನ್ನು ಕಾಣದ ಮಗು ಅದು. ಅದಕ್ಕೆ ತಂದೆ ಯಾರೆಂದು ತಿಳಿಯಬೇಕಾದರೆ ಒಂದೋ ನಾನು ಹೇಳಬೇಕು, ಇಲ್ಲವೇ ಆ ಕೈ ಹೇಳಬೇಕು. ನನ್ನಿಂದ ಆಗುತ್ತಿರಲಿಲ್ಲ. ಆ ಕೈ ಇದ್ದರೆ ಸಾಕು ಎಂದುಕೊಂಡಿದ್ದೆ.

ಮಗು ಮಾತ್ರ ತನಗೆ ತಿಳಿದಂತೆ ತಿಳಿದುಕೊಂಡಿತ್ತು. ನಾಲ್ಕು ತುಂಬುವ ಹೊತ್ತಿಗೆ ಓಣಿಯ ಮಕ್ಕಳ ಮುಂದೆ, "ನಮ್ಮಪ್ಪ ಬೆಳ್ಳಗ ಅದಾನ, ಕೂದಲಾನೂ ಬೆಳ್ಳಗ. ಜರಿ ಕೋಟು ಹಾಕ್ಕೊಂತಾನ. ನಡದಾಗ ಬಂಗಾರದ ಕೀಲಿ ಐತಿ" ಎಂದು ಹೇಳಿಕೊಂಡು ಬಂದಳು. ಅವರಲ್ಲೊಬ್ಬಳು, "ಕೂದಲಾ ಬೆಳ್ಳಗದಾವಲ್ಲ, ನಿಮ್ಮಪ್ಪ ಮುದುಕನೇನ?" ಎಂದು ಅಣಕಿಸಿದಳಂತೆ. ಮನೆಗೆ ಬಂದು ನನ್ನ ಸೆರಗು ಜಗ್ಗಿ ಕೇಳಿದಳು. "ಯವ್ವಾ, ಅಪ್ಪ ಮುದುಕನೇನ?"

"ಅಲ್ಲ" ಅಂದೆ. ಹಂಚಿನ ಮೇಲೆ ರೊಟ್ಟಿ ಇತ್ತು. ಅದನ್ನು ತಿರುವಿ ಹಾಕಿದೆ.

ಐವತ್ತಾರರಲ್ಲಿ ನಾಡುಗಳು ಹೊಸದಾಗಿ ಹಂಚಿಕೆಯಾದವು. ನಾವು ಮೈಸೂರಿನ ಕಡೆ ಬಂದೆವು, ಹೈದರಾಬಾದು ಆಂಧ್ರಕ್ಕೆ ಹೋಯಿತು. ಬೇಗಂ ಮಗಳ ಮನೆಗೆ ಹೊರಟರು. "ನನ್ನ ಮಗಳು ಒಂದು ಸರ್ಕಾರದಾಗ, ನಾ ಒಂದು ಸರ್ಕಾರದಾಗ. ಸತ್ತರ ಸುದ್ದಿ ಹೋಗೂದರಾಗ ಹೂತು ಮುಗದಿರ್ತೈತಿ" ಅಂದರು. ಮಗಳದು ಸಣ್ಣ ಮನೆ, ದೊಡ್ಡ ಸಾಮಾನು ಒಯ್ಯುವಂತಿರಲಿಲ್ಲ. ಹಳೆಯ ವಸ್ತುಗಳನ್ನು ಕೊಳ್ಳುವ ಒಬ್ಬ ಮನುಷ್ಯ ಹೈದರಾಬಾದಿನಿಂದ ಬಂದ. ಶೇರವಾನಿ ಹಾಕಿದವನು, ಮೆತ್ತಗೆ ಮಾತಾಡುವವನು. ಕಪಾಟು, ತೂಗುವ ಝೂಮರು ದೀಪ ಎಲ್ಲ ನೋಡಿ ಚಿತ್ರದ ಮುಂದೆ ನಿಂತ. ನಾನು ತಲೆದಿಂಬಿನ ಗಲೀಫು ಹೊಲಿಯುತ್ತ ಪಡಸಾಲೆಯಲ್ಲಿದ್ದೆ. ಅವನು ಕೋಟು ನೋಡಿದ, ಕೀಲಿ ನೋಡಿದ, ಕೈಯ ಹತ್ತಿರ ಬಗ್ಗಿದ.

"ಬಾಕಿ ಎಲ್ಲಾ ಅಸಲಿ. ಈ ಹಾಥ್ ಮಾತ್ರ ಯಾರೋ ಹಾಳು ಮಾಡ್ಯಾರ" ಅಂದ. "ಫಿಕರ್ ಇಲ್ಲ. ನಮ್ಮ ಕಡೆ ತಿಳಿದವರು ಅದಾರ. ಇದನ್ನ ಕೆರದು ತಗದು ಹೊಸದು ಬರೀತಾರ."

ನನ್ನ ಸೂಜಿ ನಿಂತಿತು. ಬೇಗಂ ನನ್ನ ಕಡೆ ನೋಡಿದರು. ಅವನ ಮೇಲೆ ಸಿಟ್ಟು ಮಾಡುವಂತಿರಲಿಲ್ಲ. ಅವನಿಗೆ ಅದು ತಪ್ಪು ಬರೆದ ಕೈ.

ಮರುದಿನ ಮುಂಜಾನೆ ಬೇಗಂ ಹೇಳಿ ಕಳಿಸಿದರು. ಹೋದಾಗ ಚಿತ್ರವನ್ನು ಗೋಡೆಯಿಂದ ಇಳಿಸಿ ನೆಲಕ್ಕೆ ಆನಿಸಿದ್ದರು. ಮೊದಲ ಸಲ ಅದು ನನ್ನ ಕಣ್ಣಿನ ಸಮಕ್ಕೆ ಬಂದಿತ್ತು. ಹೊರಗೆ ಹಮಾಲರು ಗೋಣಿತಟ್ಟು, ಹುಲ್ಲು ತಂದು ಕಾಯುತ್ತಿದ್ದರು. ಬೇಗಂ ಬಾಗಿಲು ಮುಂದೆ ಮಾಡಿ ನನ್ನ ಕೈಗೆ ಕತ್ತರಿ ಕೊಟ್ಟರು.

"ಅವ ಹೆಂಗೂ ಕೆರದು ಒಗೀತಾನ ಬೇಟಿ. ನೀ ಅಷ್ಟು ಕತ್ತರಿಸ್ಕೋ. ಇಲಿ ಕಡದೈತಿ ಅಂತೀನಿ. ಈ ವಯಸ್ಸಿನಾಗ ಒಂದು ಸುಳ್ಳಿಗೆ ಖುದಾ ಏನೂ ಅನ್ನಂಗಿಲ್ಲ."

"ನಿಮ್ಮ ಸಾಹೇಬರ ಚಿತ್ರರೀ ಇದು" ಅಂದೆ.

"ನಮ್ಮ ಸಾಹೇಬರು ಇದರಾಗ ಎಲ್ಲಿ ಅದಾರ? ಖರೇ ಹೇಳ್ಲೇನು, ಈ ಮುಖ ನನಗ ಎಂದೂ ಸೇರಿಲ್ಲ. ಅವರಿಗೆ ಸೇರ್ತಿತ್ತು ಅಂತ ಇಷ್ಟು ದಿನ ದಿನಾ ಸಲಾಂ ಹೊಡದೀನಿ."

ಕತ್ತರಿ ಹಿಡಿದು ಕೈಯ ಮುಂದೆ ಕೂತೆ. ಬಣ್ಣದ ಮೇಲೆ ಬೆರಳಾಡಿಸಿದೆ, ತಣ್ಣಗಿತ್ತು. ಜಾಲರಿ ಮುಗಿಯುವಲ್ಲಿಂದ ಸುತ್ತಲೂ ಕತ್ತರಿಸಬೇಕು. ಹೊಲಿಗೆಯವಳಿಗೆ ಅದೇನು ದೊಡ್ಡ ಕೆಲಸವಲ್ಲ. ಕತ್ತರಿಸಿ ಮನೆಗೆ ಒಯ್ದು ಎಲ್ಲಿಡಬೇಕು? ಗೋಡೆಗೆ ಹಚ್ಚಿದರೆ ಮೊಳಕೈಯಿಲ್ಲದ, ಮೈಯಿಲ್ಲದ ಒಂದು ಕೈ. ಮಗುವಿಗೆ ಅದನ್ನು ತೋರಿಸಿ ಇದು ನಿಮ್ಮಪ್ಪ ಅನ್ನಬೇಕು. ಪೆಟ್ಟಿಗೆಯಲ್ಲಿಟ್ಟರೆ ಮತ್ತೊಮ್ಮೆ ಹೂತಂತೆ. ಬೇಗಂ ಅವಸರ ಮಾಡಲಿಲ್ಲ. ಕೊನೆಗೆ ಕತ್ತರಿಯನ್ನು ಕೆಳಗಿಟ್ಟೆ.

"ಬ್ಯಾಡ್ರಿ" ಅಂದೆ. "ಹುಡುಗೀನ ಕರ್ಕೊಂಡು ಬರ್ತೀನಿ. ಅಲ್ಲೀತನ ಹಮಾಲರನ್ನ ನಿಂದ್ರಸ್ರಿ."

ಓಣಿಯಲ್ಲಿ ಮಣ್ಣಾಡುತ್ತಿದ್ದವಳನ್ನು ಹಾಗೇ ಎತ್ತಿಕೊಂಡು ಬಂದೆ. ಚಿತ್ರ ನೆಲದ ಮೇಲಿದ್ದದ್ದು ನೋಡಿ ಅವಳಿಗೆ ಖುಷಿಯಾಯಿತು. ಎದುರಿಗೆ ನಿಂತು ನೇರ ಮಾರಿಗೆ ಮಾರಿ ಕೊಟ್ಟು ನೋಡಿದಳು. "ಅಪ್ಪ ಊರಿಗೆ ಹೊಂಟಾನೇನ?" ಎಂದು ಕೇಳಿದಳು.

ಅವಳನ್ನು ಹತ್ತಿರ ಎಳೆದು ಕೂಡಿಸಿಕೊಂಡೆ. "ಇಲ್ಲಿ ಕೇಳು. ಇವ ನಿಮ್ಮಪ್ಪ ಅಲ್ಲ. ಇವ ಯಾವನೋ ದೂರ ದೇಶದವ. ಈ ಕೋಟು, ಈ ಕೂದಲಾ, ಈ ಕೀಲಿ ಎಲ್ಲಾ ಅವಂದು. ಇದೊಂದು ಕೈ ಅಷ್ಟ ನಿಮ್ಮಪ್ಪಂದು. ಮಸ್ಕಿ ತಾತ ನಿಮ್ಮಪ್ಪನ ಕೈ ನೋಡಿ ಬರದಾನ."

ಅವಳು ಕೈ ನೋಡಿದಳು, ಮಾರಿ ನೋಡಿದಳು. ಸೊಟ್ಟ ಬೆರಳಿನ ಮೇಲೆ ತನ್ನ ಬೆರಳಿಟ್ಟಳು. ಅವಳು ಅಳಲಿಲ್ಲ. "ಹಂಗಾರ ಅಪ್ಪನ ಮಾರಿ ಎಲ್ಲೈತಿ?" ಅಂದಳು.

ಬೇಗಂ ಕಿಟಕಿಯ ಕಡೆ ತಿರುಗಿದರು. ಹಮಾಲನೊಬ್ಬ ಹೊರಗಿನಿಂದ, "ಹೊತ್ತಾತ್ರಿ, ಕಟ್ಟೂನೇನ್ರಿ?" ಎಂದು ಕೂಗಿದ.

"ಉದ್ದ ಮಾರಿ" ಅಂದೆ ನಾನು. ನನ್ನ ದನಿ ನನಗೇ ಬೇರೆಯವರದೆನ್ನಿಸಿತು. "ಮೂಗು ಥೇಟ ನಿಂದ ಐತಿ ನೋಡು, ತುಸು ದೊಡ್ಡದು ಮಾಡ್ಕೋ."

ಅವಳು ತನ್ನ ಮೂಗು ಮುಟ್ಟಿ ನೋಡಿಕೊಂಡಳು. "ಬೆಳ್ಳಗಿದ್ನೇನು?"

"ಇಲ್ಲ. ಜ್ವಾಳದ ರೊಟ್ಟಿ ತುಸು ಹೊತ್ತಿರ್ತೈತಲ್ಲ, ಆ ಬಣ್ಣ."

"ಕೂದಲಾ?"

"ಕರ್ರಗ. ಸೂಜಿ ಕೂದಲದಾಗ ಸಿಗಿಸ್ಕೊಂಡು, ಮರತು, ಸೂಜಿ ಎಲ್ಲಿ ಸೂಜಿ ಎಲ್ಲಿ ಅಂತ ಮನಿ ತುಂಬ ಹುಡುಕ್ತಿದ್ರು."

ಮಗು ನಕ್ಕಿತು. ಕಿಟಕಿಯ ಹತ್ತಿರದಿಂದ ಬೇಗಂ ಅಂದರು, "ದನಿ ಹೇಳು, ದನಿ. ಮಶೀನು ತುಳಿಯೂ ಮುಂದ ಹಾಡ್ತಿದ್ದ ನಿಮ್ಮಪ್ಪ. ನಾ ಪರದಾ ಹಿಂದ ಕಿವಿ ಮುಚ್ಕೊಂಡು ಕುಂದರ್ತಿದ್ದೆ. ಅಂಥಾ ದನಿ."

"ಅಷ್ಟೇನ್ ಕೆಟ್ಟದಿರಲಿಲ್ಲ ಬಿಡ್ರಿ" ಅಂದೆ.

"ನೀ ಹೆಂಡ್ತಿ, ಹಂಗನ್ನಬೇಕು."

ಹಮಾಲರು ಒಳಗೆ ಬಂದರು. ನಾವು ಎದ್ದು ದಾರಿ ಬಿಟ್ಟೆವು. ಅವರು ಹುಲ್ಲು ಹಾಸಿ ಗೋಣಿತಟ್ಟು ಸುತ್ತುವಾಗ ನಾನು ನೋಡುತ್ತ ನಿಲ್ಲಲಿಲ್ಲ. ಮಗು ಒಂದಾದ ಮೇಲೊಂದು ಕೇಳುತ್ತಿತ್ತು, ಉತ್ತರ ಕೊಡುವುದೇ ಕೆಲಸವಾಗಿತ್ತು. ಬೇಗಂಗೆ ನಮಸ್ಕಾರ ಮಾಡಿ ಬಂದೆ. ಅವರನ್ನು ಆಮೇಲೆ ನಾನು ನೋಡಲಿಲ್ಲ.

ದಾರಿಯಲ್ಲಿ ಮಗು ಕೇಳಿತು. "ನಕ್ಕರ ಹೆಂಗ ಕಾಣ್ತಿದ್ದ?"

ನಾನು ರಸ್ತೆಯ ನಡುವೆಯೇ ನಿಂತೆ. ಅವರು ಪೂರ್ತಿ ನಗುತ್ತಿರಲಿಲ್ಲ. ಮೇಲಿನ ತುಟಿ ಒಂದೇ ಬದಿಗೆ ಏಳುತ್ತಿತ್ತು, ಆ ಬದಿಯ ಕಣ್ಣು ತುಸು ಸಣ್ಣದಾಗುತ್ತಿತ್ತು. ಅದನ್ನು ಮಾತಿನಲ್ಲಿ ಹೇಳಲು ನನಗೆ ಬರಲಿಲ್ಲ. ಮಗುವಿನ ಎದುರು ಕುಕ್ಕರಗಾಲಲ್ಲಿ ಕೂತು, ಅವರು ನಗುತ್ತಿದ್ದಂತೆ ನಕ್ಕು ತೋರಿಸಿದೆ.